ಉಪಕಥೆಯೋ, ಖಾನೇಷುಮಾರಿಯೋ?

ನಮ್ಮ ಸಂಘದ ಮಾಸಪತ್ರಿಕೆಯಲ್ಲಿ ನಾಟಕಗಳ, ಕಾದಂಬರಿಗಳ, ಯಕ್ಷಗಾನ ಪ್ರಸಂಗಗಳ ವಿಮರ್ಶೆ ಬರುವುದು ವಾಡಿಕೆ. ಇಂಥಲ್ಲಿ ವಿಡಿಯೋ ಆಟದ ವಿಮರ್ಶೆಯೇ ಎಂದು ಹಿರಿಯ ಸದಸ್ಯರು ಹುಬ್ಬೇರಿಸಬಹುದು. ಆದರೆ ಸದಸ್ಯರ ಮನೆಗಳಿಗೆ ಹೋಗಿ ನೋಡಿದರೆ ಚಿತ್ರವೇ ಬೇರೆ. ಹಜಾರದಲ್ಲಿ ಟಿ.ವಿ., ಅದರ ಕೆಳಗೊಂದು ಕರಿಯ ಪೆಟ್ಟಿಗೆ, ಊಟಕ್ಕೆ ಕರೆದರೆ "ಇನ್ನೈದು ನಿಮಿಷ, ಇದೊಂದು ಮುಗಿಸಿ ಬರ್ತೀನಿ" ಎಂಬ ಉತ್ತರ. ಆ 'ಇದೊಂದು' ಎಂದರೆ ಏನು, ಅದು ಮುಗಿಸಲು ಯೋಗ್ಯವಾದದ್ದೇ ಎಂಬುದೇ ಇಲ್ಲಿ ನಮ್ಮ ವಿಚಾರ.

ಆಡದವರಿಗಾಗಿ ಎರಡು ಮಾತು. ಈಗಿನ ದೊಡ್ಡ ಆಟಗಳಲ್ಲಿ ಒಂದು ಬಗೆಯೆಂದರೆ ತೆರೆದ ಲೋಕದ ಆಟ. ಆಡುವವನು ಒಂದು ಪಾತ್ರವಾಗಿ ಇಡೀ ಸೀಮೆಯೊಂದರಲ್ಲಿ ಕುದುರೆಯೇರಿ ಮನಸ್ಸು ಬಂದ ಕಡೆ ತಿರುಗಬಹುದು. ನಡುವೆ ಒಂದು ಮುಖ್ಯ ಕಥೆ ಇರುತ್ತದೆ. ಅದರ ಅಕ್ಕಪಕ್ಕ ನೂರಾರು ಬಿಡಿ ಕೆಲಸಗಳಿರುತ್ತವೆ. ಇಂಗ್ಲಿಷಿನಲ್ಲಿ ಎಲ್ಲವನ್ನೂ ಸೇರಿಸಿ 'ಸೈಡ್ ಕ್ವೆಸ್ಟ್' ಎನ್ನುತ್ತಾರೆ. ಒಂದೇ ಹೆಸರಿನಲ್ಲಿ ಎರಡು ಜಾತಿಯ ಸರಕನ್ನು ಕಟ್ಟಿದ್ದರಿಂದಲೇ ಗೊಂದಲ ಆಗಿದೆ ಎಂಬುದು ನಮ್ಮ ಅಭಿಪ್ರಾಯ. ಒಂದು, ಉಪಕಥೆ. ಇನ್ನೊಂದಕ್ಕೆ ನಾವು ಖಾನೇಷುಮಾರಿ ಎಂದು ಹೆಸರಿಟ್ಟಿದ್ದೇವೆ. ಜನಗಣತಿಯವರು ಮನೆಮನೆಗೆ ಹೋಗಿ, ಬಾಗಿಲ ಮೇಲೆ ನಂಬರು ಬರೆದು, ಮುಂದಿನ ಮನೆಗೆ ಹೋಗುತ್ತಾರಲ್ಲ, ಹಾಗೆ ನಕ್ಷೆಯ ಮೇಲಿನ ಒಂದೊಂದು ಗುರುತಿಗೂ ಹೋಗಿ, ಅಲ್ಲಿರುವ ನಾಲ್ಕು ಕಳ್ಳರನ್ನು ಕೊಂದು, ಪೆಟ್ಟಿಗೆ ತೆರೆದು, ಗುರುತು ಅಳಿಸಿ, ಮುಂದಿನದಕ್ಕೆ ನಡೆಯುವುದು. ಜನಗಣತಿಯಿಂದ ದೇಶಕ್ಕಾದರೂ ಉಪಯೋಗವಿದೆ.

ಎರಡೂ ಒಂದೇ ಆಟದಲ್ಲಿ, ಎರಡೂ ತಮ್ಮ ತಮ್ಮ ತುತ್ತತುದಿಯಲ್ಲಿ ಸಿಗುವುದು 'ದಿ ವಿಚರ್ ೩: ವೈಲ್ಡ್ ಹಂಟ್'ನಲ್ಲಿ. ಪೋಲೆಂಡಿನ ವಾರ್ಸಾ ನಗರದ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ ಇದನ್ನು ೨೦೧೫ರ ಮೇ ತಿಂಗಳಲ್ಲಿ ಹೊರತಂದಿತು. ಮೂಲ, ಪೋಲಿಷ್ ಲೇಖಕ ಆಂಜೆಯ್ ಸಪ್ಕೋವ್‌ಸ್ಕಿಯವರ ಕಥೆಗಳು. ಅವುಗಳಲ್ಲಿ ಮೊದಲನೆಯದು ೧೯೮೬ರಲ್ಲಿ ಅಲ್ಲಿನ ಒಂದು ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಮಾಸಪತ್ರಿಕೆಯವರು ಇದನ್ನು ಗಮನಿಸಬೇಕು! ನಾಯಕ ಗೆರಾಲ್ಟ್ ಕೂಲಿಗೆ ಭೂತ ಪಿಶಾಚಿಗಳನ್ನು ಹೊಡೆಯುವವನು. ಅವನ ಸಾಕುಮಗಳು ಸಿರಿ ಕಾಣೆಯಾಗಿದ್ದಾಳೆ. ಈ ಹೆಸರು ಕನ್ನಡದ ಕಿವಿಗೆ ಸ್ವಂತದ್ದೆಂದೇ ಕೇಳಿಸುತ್ತದೆ. ಅವಳನ್ನು ಹುಡುಕುವುದೇ ಮುಖ್ಯ ಕಥೆ.

ಮೊದಲು ಉಪಕಥೆಯನ್ನು ನೋಡೋಣ. ಆಟದ ಆರಂಭದ ಹಳ್ಳಿ ವೈಟ್ ಆರ್ಚರ್ಡ್. ಅಲ್ಲೊಬ್ಬ ಮುದುಕಿ ಮುಚ್ಚಿದ ಗುಡಿಸಿಲಿನ ಮುಂದೆ ನಿಂತಿದ್ದಾಳೆ. ಅವಳ ಕಾವಲಿಯನ್ನು ಪರ ಊರಿನವನೊಬ್ಬ ಕೇಳಿ ತೆಗೆದುಕೊಂಡು ಹೋಗಿದ್ದಾನೆ, ವಾಪಸು ಕೊಟ್ಟಿಲ್ಲ, ಬಾಗಿಲು ಬಡಿದರೆ ತೆಗೆಯುತ್ತಿಲ್ಲ. ಗೆರಾಲ್ಟ್ ಬಾಗಿಲು ಒಡೆದು ಒಳಹೊಕ್ಕರೆ ಹೆಣ ಬಿದ್ದಿದೆ. ಕಾವಲಿಯೂ ಇದೆ. ಅದರ ಮಸಿಯನ್ನೆಲ್ಲ ಯಾರೋ ಕೆರೆದು ಶಾಯಿ ಮಾಡಿಕೊಂಡಿದ್ದಾರೆ, ಹಾಗಾಗಿ ಕಾವಲಿ ಥಳಥಳ ಹೊಳೆಯುತ್ತಿದೆ. ಯುದ್ಧ ಹಾದುಹೋದ ಊರು, ಒಳಗೆ ನಡೆದದ್ದೇನು ಎಂಬುದನ್ನು ಆಟಗಾರ ಊಹಿಸಿಕೊಳ್ಳಬೇಕು. ಮುದುಕಿಗೆ ಬೇಕಾದದ್ದು ಕಾವಲಿ ಮಾತ್ರ. ಇಡೀ ಪ್ರಸಂಗ ಐದು ನಿಮಿಷದಲ್ಲಿ ಮುಗಿಯುತ್ತದೆ. ಸಿಗುವ ಸಂಭಾವನೆಯೂ ಅಷ್ಟಕ್ಕಷ್ಟೇ. ಲೆಕ್ಕದ ದೃಷ್ಟಿಯಿಂದ 'ಹೋಗಿ ಒಂದು ವಸ್ತು ತಾ' ಎಂಬ ಅತಿ ಹಳೆಯ, ಅತಿ ಸವಕಲು ನಮೂನೆಯೇ ಇದು. ಆದರೂ ಮನಸ್ಸಿನಲ್ಲಿ ನಿಂತುಬಿಡುತ್ತದೆ.

ಅದೇ ಹಳ್ಳಿಯಲ್ಲಿ ಓಡೊಲನ್ ಎಂಬ ರೈತ. ಮಗಳಿಗೆ ಜ್ವರ, ಬಾವಿಯ ಶುದ್ಧ ನೀರು ಬೇಕು, ಆದರೆ ಬಾವಿಯ ಬಳಿ ನಡುಮಧ್ಯಾಹ್ನ ಹೆಣ್ಣುಭೂತವೊಂದು ಕಾಣಿಸಿಕೊಳ್ಳುತ್ತದೆ. ನಡುಹಗಲ ಭೂತವೆಂಬುದು ಸ್ಲಾವ್ ಜನಪದದ ನಂಬಿಕೆ. ಪಾಳುಮನೆಯಲ್ಲಿ ಸಿಕ್ಕ ದಿನಚರಿಯಿಂದ, ಬಾವಿಯ ತಳದ ಬಳೆಯಿಂದ, ಆ ಹೆಣ್ಣು ಯಾರು, ಹೇಗೆ ಸತ್ತಳು ಎಂಬುದನ್ನು ಗೆರಾಲ್ಟ್ ಕಂಡುಹಿಡಿಯಬೇಕು. ಅವಳ ಅಸ್ಥಿಯನ್ನೂ ಬಳೆಯನ್ನೂ ಸುಟ್ಟ ಮೇಲೆ ಕಾಳಗ. ಮಗಳನ್ನು ಹುಡುಕಿ ಹೊರಟ ತಂದೆಯೊಬ್ಬ, ದಾರಿಯಲ್ಲಿ ಇನ್ನೊಬ್ಬ ತಂದೆಯ ಮಗಳಿಗಾಗಿ ಬಾವಿಗಿಳಿಯುತ್ತಾನೆ. ಇದನ್ನು ಆಟ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದೆಯೇ ನಮಗೆ ತಟ್ಟುತ್ತದೆ.

ಮಹಾಭಾರತದ ವನಪರ್ವದಲ್ಲಿ ನಳೋಪಾಖ್ಯಾನ ಬರುವುದು ವಾಚಕರಿಗೆ ತಿಳಿದದ್ದೇ. ಬೃಹದಶ್ವ ಮುನಿ ಅದನ್ನು ಹೇಳುವುದು ಯಾರಿಗೆ? ಜೂಜಿನಲ್ಲಿ ರಾಜ್ಯ ಕಳೆದುಕೊಂಡು ಕಾಡಿನಲ್ಲಿ ಕುಳಿತ ಧರ್ಮರಾಯನಿಗೆ. ಜೂಜಿನಲ್ಲಿ ಸೋತ ಇನ್ನೊಬ್ಬ ರಾಜನ ಕಥೆ ಅದು. ಮುಖ್ಯ ಕಥೆ ಅಲ್ಲಿ ಒಂದಿಂಚೂ ಮುಂದೆ ಸಾಗುವುದಿಲ್ಲ, ಆದರೆ ಕೇಳುವವನು ಮೊದಲಿನಂತೆ ಉಳಿಯುವುದಿಲ್ಲ. ಉಪಕಥೆಯ ಯೋಗ್ಯತೆಯನ್ನು ಅಳೆಯಲು ನಮಗೆ ಇದಕ್ಕಿಂತ ಒಳ್ಳೆಯ ಮೊಳಕೋಲು ತೋರುವುದಿಲ್ಲ. ಬಾವಿಯ ಭೂತ ಈ ಮೊಳಕೋಲಿಗೆ ನಿಲ್ಲುತ್ತದೆ.

ಇನ್ನು ಅದೇ ಆಟದ ಸ್ಕೆಲ್ಲಿಗೆ ದ್ವೀಪಗಳಿಗೆ ಬನ್ನಿ. ನಕ್ಷೆ ಬಿಚ್ಚಿದರೆ ಸಮುದ್ರದ ತುಂಬ ಪ್ರಶ್ನಾರ್ಥಕ ಚಿಹ್ನೆಗಳು, ಸೀತಾಳೆ ಎದ್ದವರ ಮೈಯ ಹಾಗೆ. ಒಂದೊಂದೂ ಕಳ್ಳಸಾಗಾಣಿಕೆಯವರು ಬಿಟ್ಟುಹೋದ ಸರಕು. ದೋಣಿಯಲ್ಲಿ ಹೋಗಬೇಕು. ನೀರಿನ ಮೇಲೆ ಪೀಪಾಯಿಗಳು ತೇಲುತ್ತಿರುತ್ತವೆ. ರೆಕ್ಕೆಯ ಜಲಕನ್ಯೆಯರು ಎರಗಿದರೆ ಅಡ್ಡಬಿಲ್ಲಿನಿಂದ ಹೊಡೆದು ಕೆಡವಬೇಕು. ಮುಳುಗಿ ಪೆಟ್ಟಿಗೆ ತೆರೆಯಬೇಕು. ಒಳಗೆ ಒಂದು ಸಾಧಾರಣ ಕತ್ತಿ, ಒಂದಿಷ್ಟು ಲೋಹ, ನಾಲ್ಕು ಕಾಸು. ಮತ್ತೆ ದೋಣಿ, ಮತ್ತೆ ಪೀಪಾಯಿ, ಮತ್ತೆ ಜಲಕನ್ಯೆ. ಹೀಗೆ ಹೊತ್ತು ತಂದ ಕತ್ತಿಗಳನ್ನು ಮಾರೋಣವೆಂದರೆ ವ್ಯಾಪಾರಿಯ ಬಳಿ ಹಣ ಮುಗಿದಿರುತ್ತದೆ. ಭಾರ ಹೆಚ್ಚಾಗಿ ನಾಯಕನಿಗೆ ಓಡಲೂ ಆಗುವುದಿಲ್ಲ. ರಾಕ್ಷಸರನ್ನು ಗೆದ್ದ ಧೀರ ರದ್ದಿ ಸಾಮಾನಿನ ಮೂಟೆ ಹೊತ್ತು ಬಂದರಿನಲ್ಲಿ ಕಾಲೆಳೆಯುತ್ತ ನಡೆಯುವ ದೃಶ್ಯ ಹಾಸ್ಯಕ್ಕೆಂದು ಬರೆದದ್ದಲ್ಲ, ಆದರೂ ಇಡೀ ಆಟದ ಒಳ್ಳೆಯ ಹಾಸ್ಯಗಳಲ್ಲಿ ಅದೂ ಒಂದು.

ಇದೇ ಜನ, ಇದೇ ಆಟದಲ್ಲಿ, ಕಾವಲಿಯ ಪ್ರಸಂಗವನ್ನೂ ಬರೆದು ಪೀಪಾಯಿಗಳನ್ನೂ ತೇಲಿಬಿಟ್ಟರಲ್ಲ, ಯಾಕೆ? ನಮಗೆ ತೋಚುವ ಕಾರಣ ಇದು: ಭೂಮಿ ಮೊದಲು, ಕಥೆ ನಂತರ. ಅಷ್ಟು ದೊಡ್ಡ ಕಡಲನ್ನು ಕಟ್ಟಿ ಬರಿದಾಗಿ ಬಿಟ್ಟರೆ ಕೊಂಡವರು ಗೊಣಗುತ್ತಾರೆ. ಕಥೆ ಬರೆಯಲು ಲೇಖಕ ಬೇಕು, ನಟರ ಧ್ವನಿ ಬೇಕು, ತಿಂಗಳುಗಳು ಬೇಕು. ಪೀಪಾಯಿಗೆ ಏನೂ ಬೇಡ, ಒಂದನ್ನು ಮಾಡಿದರೆ ಉಳಿದದ್ದು ನಕಲು. ಜೊತೆಗೆ 'ಇಷ್ಟು ಗಂಟೆಯ ಆಟ' ಎಂದು ಜಾಹೀರಾತು ಹಾಕಿ ಮಾರುವ ಪದ್ಧತಿ ಬೆಳೆದಿದೆ. ಕಾಸಿಗೆ ಹೆಚ್ಚು ಗಂಟೆ ಸಿಕ್ಕರೆ ಲಾಭ ಎಂದು ಕೊಳ್ಳುವವರೂ ನಂಬುತ್ತೇವೆ. ಅಕ್ಕಿಯನ್ನು ಕೊಂಡ ಹಾಗೆ ಕಾದಂಬರಿಯನ್ನು ತೂಕ ಮಾಡಿ ಕೊಳ್ಳುವವರುಂಟೇ?

ಕೊನೆಗೆ ತೀರ್ಪನ್ನು ಕೊಟ್ಟವರು ಆಟ ಮಾಡಿದವರೇ. ೨೦೨೨ರ ಡಿಸೆಂಬರಿನಲ್ಲಿ ಈ ಆಟದ ಪರಿಷ್ಕೃತ ಆವೃತ್ತಿ ಬಂತು. ಅದರಲ್ಲಿ ನಕ್ಷೆಯ ಹೊಸ ಸಾಮಾನ್ಯ ನೋಟದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೂ ದೋಣಿಯ ಗುರುತುಗಳೂ ಕಾಣುವುದಿಲ್ಲ. ಬೇಕೆಂದವರು ಮತ್ತೆ ಹಾಕಿಕೊಳ್ಳಬಹುದು. ಏಳು ವರ್ಷಗಳ ಮೇಲೆ ಬಂದ ಈ ಬದಲಾವಣೆಯನ್ನು ನಾವು ಬಹಳ ಮೆಚ್ಚುತ್ತೇವೆ. ಪೀಪಾಯಿಗಳು ಇದ್ದಲ್ಲೇ ಇವೆ. ದಾರಿಯಲ್ಲಿ ಕಂಡರೆ ಹೋಗಿ ನೋಡಬಹುದು. ಆದರೆ ಅವು ಬಾಕಿ ಕೆಲಸವಾಗಿ ಉಳಿದಿಲ್ಲ.

'ಬಾಕಿ' ಎಂಬ ಮಾತನ್ನು ನಾವು ಬೇಕೆಂದೇ ಬಳಸಿದ್ದೇವೆ. ಇಪ್ಪತ್ತು ವರ್ಷ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕಡತ ನೋಡಿದವರಿಗೆ ಬಾಕಿಯ ಪಟ್ಟಿ ಮನುಷ್ಯನ ಮೇಲೆ ಮಾಡುವ ಮಂತ್ರ ಗೊತ್ತು. ಪಟ್ಟಿ ಇದ್ದರೆ ಕೈ ತಾನಾಗಿ ಅದರ ಕಡೆ ಹೋಗುತ್ತದೆ. ಆ ಕೆಲಸಕ್ಕೆ ಅರ್ಥವಿದೆಯೇ ಎಂದು ತಲೆ ಆಮೇಲೆ ಕೇಳುತ್ತದೆ, ಅಥವಾ ಕೇಳುವುದೇ ಇಲ್ಲ. ೨೦೦೫ರಲ್ಲಿ ಎಕ್ಸ್‌ಬಾಕ್ಸ್ ೩೬೦ ಬಂದಾಗಿನಿಂದ ಆಟಗಳಲ್ಲಿ ಸಾಧನೆಗಳಿಗೆ ಅಂಕ ಕೊಡುವ ಪದ್ಧತಿ ನೆಲೆಯೂರಿತು. ೨೦೦೮ರಲ್ಲಿ ಪ್ಲೇಸ್ಟೇಷನ್ನೂ ಪದಕಗಳನ್ನು ತಂದಿತು. ಶೇಕಡಾ ನೂರು ಎಂಬ ಸಂಖ್ಯೆ ಟಿ.ವಿ. ಪರದೆಯಿಂದ ಹುಡುಗರ ಕಣ್ಣಿಗೆ ಕಣ್ಣಿಟ್ಟು ನೋಡುತ್ತಿದೆ. ಪರೀಕ್ಷೆಯಲ್ಲಿ ಅದೇ ನೂರಕ್ಕೆ ಇಷ್ಟು ಆಸೆ ಪಟ್ಟಿದ್ದರೆ ಎಂದು ತಾಯಂದಿರು ಹೇಳುವುದು ಬೇರೆ ವಿಷಯ.

ಕೆನಡಾದ ಬಯೋವೇರ್ ಸಂಸ್ಥೆ ೨೦೧೪ರ ನವೆಂಬರಿನಲ್ಲಿ ತಂದ 'ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್' ಈ ಮಂತ್ರಕ್ಕೆ ಸಿಕ್ಕವರ ದೊಡ್ಡ ಉದಾಹರಣೆ. ಆಟದ ಮೊದಲ ವಿಶಾಲ ಪ್ರದೇಶ ಹಿಂಟರ್‌ಲ್ಯಾಂಡ್ಸ್. ಅಲ್ಲಿ ಹಸಿದ ನಿರಾಶ್ರಿತರಿಗೆ ಹತ್ತು ಟಗರಿನ ಮಾಂಸ ತರಬೇಕು, ಚಳಿಗೆ ಕಂಬಳಿಗಾಗಿ ಸಾಮಾನು ಹುಡುಕಬೇಕು, ಹೀಗೇ ಸಾಲು. ಆ ಪ್ರದೇಶವನ್ನು ಬಿಟ್ಟು ಯಾವಾಗ ಬೇಕಾದರೂ ಹೊರಡಬಹುದು, ಕಥೆ ಹೊರಗೆ ಕಾಯುತ್ತಿದೆ. ಆದರೆ ಅಲ್ಲೇ ಕುಳಿತು ಎಲ್ಲವನ್ನೂ ಮುಗಿಸಹೊರಟು, ಬೇಸತ್ತು ಆಟವನ್ನೇ ಬಿಟ್ಟವರು ಎಷ್ಟೋ ಜನ. 'ಹಿಂಟರ್‌ಲ್ಯಾಂಡ್ಸ್ ಬಿಟ್ಟು ಹೊರಡಿ' ಎಂದು ಆಟದ ಪತ್ರಕರ್ತರು ಬಹಿರಂಗವಾಗಿ ಬರೆದು ಎಚ್ಚರಿಸಬೇಕಾಯಿತು.

ಈ ಆಟದಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಇನ್ನೊಂದು. ಬೆಟ್ಟದ ನೆತ್ತಿಗಳಲ್ಲಿ ಕೋಲಿಗೆ ಸಿಕ್ಕಿಸಿದ ತಲೆಬುರುಡೆಗಳಿವೆ. ಅವುಗಳ ಕಣ್ಣಿನ ಮೂಲಕ ನೋಡಿದರೆ ಸೀಮೆಯಲ್ಲಿ ಚದುರಿದ ಹರಳುಗಳು ಕಾಣುತ್ತವೆ. ಅವನ್ನು ಆರಿಸಿ ತರಬೇಕು. ಶುದ್ಧ ಖಾನೇಷುಮಾರಿ. ಮುಂದೊಂದು ಮನೆಯಲ್ಲಿ ಆ ಬುರುಡೆಗಳು ಯಾರವೆಂದು ತಿಳಿಯುತ್ತದೆ. ಮಂತ್ರಶಕ್ತಿಯನ್ನೂ ಭಾವನೆಗಳನ್ನೂ ಕಳೆದುಕೊಂಡ ನಿರಪರಾಧಿ ಮಂತ್ರವಾದಿಗಳನ್ನು ಇದಕ್ಕಾಗಿಯೇ ಕೊಂದಿದ್ದಾರೆ. ಎಂಥ ಭೀಕರ ಕಲ್ಪನೆ! ಅಷ್ಟು ಹೊತ್ತು ನಾವು ಯಾರ ಕಣ್ಣಿನಿಂದ ನೋಡುತ್ತಿದ್ದೆವು ಎಂಬ ಪ್ರಶ್ನೆ ಆಟಗಾರನ ನಿದ್ದೆ ಕೆಡಿಸಬೇಕಿತ್ತು. ಆದರೆ ಆ ಹೊತ್ತಿಗೆ ಹರಳಿನ ಲೆಕ್ಕ ಇಟ್ಟು ಇಟ್ಟು ಮನಸ್ಸು ಮರಗಟ್ಟಿರುತ್ತದೆ, "ಓ ಹಾಗೋ" ಎಂದು ಮುಂದಿನ ಹರಳಿಗೆ ಹೋಗುತ್ತದೆ. ಖಾನೇಷುಮಾರಿ ಹೊತ್ತನ್ನು ಮಾತ್ರ ತಿನ್ನುತ್ತದೆಂದು ತಿಳಿಯಬಾರದು. ಪಕ್ಕದಲ್ಲಿರುವ ಒಳ್ಳೆಯ ಕಥೆಯನ್ನೂ ಅದು ತಿಂದುಹಾಕುತ್ತದೆ.

'ಸ್ಕೈರಿಮ್' (೨೦೧೧) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲಸಗಳನ್ನು ಯಂತ್ರವೇ ಹುಟ್ಟಿಸುವಂತೆ ಮಾಡಿತು. ಆ ಊರಿಗೆ ಹೋಗು, ಆ ಮನೆಯಲ್ಲಿ ಕದ್ದು ಬಾ. ಊರು ಬದಲು, ಮನೆ ಬದಲು, ಕೆಲಸ ಅದೇ. ಕೊನೆಯೇ ಇಲ್ಲ. ಕೊನೆಯಿಲ್ಲದ್ದನ್ನು ಮುಗಿಸಲು ಹೊರಡಬಾರದೆಂಬ ತಿಳಿವಳಿಕೆ ಬರುವುದರಿಂದ ಇದರ ಉಪದ್ರವ ಒಂದು ರೀತಿಯಲ್ಲಿ ಕಡಿಮೆಯೇ. 'ಅಸಾಸಿನ್ಸ್ ಕ್ರೀಡ್ ಒಡಿಸ್ಸಿ' (೨೦೧೮) ಮಾತ್ರ ನಮಗೆ ಒಪ್ಪಿಗೆಯಾಗದ ಕೆಲಸ ಮಾಡಿತು. ಕ್ರಿ.ಪೂ. ೪೩೧ರ ಗ್ರೀಸ್ ದೇಶ ಕಣ್ಣು ತುಂಬುವಂತಿದೆ, ನಿಜ. ಆದರೆ ಮುಖ್ಯ ಕಥೆಯ ಮುಂದಿನ ಭಾಗಕ್ಕೆ ಹೋಗಲು ನಾಯಕ ಇಂತಿಷ್ಟು ಹಂತ ಏರಿರಬೇಕು, ಏರಲು ಬಿಡಿ ಕೆಲಸ ಮಾಡಬೇಕು. ಅದೇ ಆಟದ ಅಂಗಡಿಯಲ್ಲಿ, ಅನುಭವಾಂಕ ಶೇಕಡಾ ೫೦ರಷ್ಟು ಹೆಚ್ಚಾಗಿ ಬರುವ ಸೌಕರ್ಯವನ್ನು ನಿಜವಾದ ಹಣಕ್ಕೆ ಮಾರಿದರು. ದಾರಿಗೆ ಮುಳ್ಳು ಹಾಕಿದವನೇ ಪಕ್ಕದಲ್ಲಿ ಚಪ್ಪಲಿ ಅಂಗಡಿ ಇಟ್ಟರೆ ಏನೆನ್ನಬೇಕು?

ಇದಕ್ಕೆ ಪ್ರತಿಯಾಗಿ ಜಪಾನಿನ ನಿಂಟೆಂಡೋದ 'ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್' (೨೦೧೭). ಇಲ್ಲಿ ಬಚ್ಚಿಟ್ಟ ಬೀಜಗಳು ೯೦೦. ಕೇಳಿದರೆ ಎದೆ ಧಸಕ್ಕೆನ್ನಬೇಕು. ಆದರೆ ಅವು ನಕ್ಷೆಯಲ್ಲಿ ಮೊದಲೇ ಕಾಣುವುದಿಲ್ಲ. ಯಾವುದೋ ಬಂಡೆ ಒಂಟಿಯಾಗಿ ಕುಳಿತಿದೆಯಲ್ಲ ಎಂದು ಎತ್ತಿದರೆ ಒಂದು ಮರದ ಮರಿ ನಕ್ಕು ಬೀಜ ಕೊಡುತ್ತದೆ. ಚೀಲವನ್ನು ಪೂರ್ತಿ ಹಿಗ್ಗಿಸಲು ೪೪೧ ಸಾಕು. ಹಟಕ್ಕೆ ಬಿದ್ದು ೯೦೦ ಸೇರಿಸಿದವನಿಗೆ ಸಿಗುವ ಬಹುಮಾನವೆಂದರೆ, ಸಂಪಾದಕರು ಕ್ಷಮಿಸಬೇಕು, ಚಿನ್ನದ ಬಣ್ಣದ ಸಗಣಿಯ ಉಂಡೆಯಂಥ ಒಂದು ವಸ್ತು. ಇಷ್ಟು ನವಿರಾಗಿ ಆಟಗಾರನ ಕಿವಿ ಹಿಂಡಿದ್ದನ್ನು ನಾವು ಬೇರೆಲ್ಲೂ ಕಂಡಿಲ್ಲ.

ಪುನರಾವರ್ತನೆಯೇ ತಪ್ಪೆಂದು ಇದರಿಂದ ಯಾರೂ ತಿಳಿಯಬಾರದು. ರಾಮಕೋಟಿ ಬರೆಯುವ ಅಜ್ಜಿ ಒಂದೇ ಹೆಸರನ್ನು ಲಕ್ಷ ಸಲ ಬರೆಯುತ್ತಾಳೆ. ಮಲೆನಾಡಿನಲ್ಲಿ ಅಡಿಕೆ ಸುಲಿಯುವವರು ರಾತ್ರಿಯೆಲ್ಲ ಒಂದೇ ಕೆಲಸ ಮಾಡುತ್ತಾರೆ, ಆದರೆ ಆ ಸಾಲಿನಲ್ಲಿ ಹರಿಯುವ ಮಾತು, ನಗೆ, ಊರ ಸುದ್ದಿ ಒಂದೇ ಅಲ್ಲ. ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ದಿನದ ಜಂಜಾಟ ಮರೆಯಲು ಸ್ಕೆಲ್ಲಿಗೆಯ ಪೀಪಾಯಿಗಳನ್ನೇ ಹುಡುಕಿ ಹೋಗುತ್ತಾರಂತೆ. ದೋಣಿ, ಗಾಳಿ, ಅಲೆಯ ಸಪ್ಪಳ, ತಲೆಗೆ ಕೆಲಸವಿಲ್ಲ. ಅವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಅವರು ಮುಗಿಸುವುದಕ್ಕೆಂದು ಹೋಗುವವರಲ್ಲ. ವ್ಯತ್ಯಾಸವೆಲ್ಲ ಅಲ್ಲೇ ಇದೆ.

ಆದರೆ ನಮ್ಮಂಥ ಸಂಸಾರಗಳ ಲೆಕ್ಕ ಬೇರೆ. ಬಿ.ಎಸ್ಸಿ. ಓದಿದ್ದಕ್ಕೆ ಇಷ್ಟಾದರೂ ಲೆಕ್ಕ ಹಾಕಬೇಡವೇ? ವಾರದ ಐದು ದಿನ ರಾತ್ರಿ ನಲವತ್ತು ನಿಮಿಷ, ಶನಿವಾರ ಭಾನುವಾರ ತಲಾ ಎಂಬತ್ತು ನಿಮಿಷ; ವಾರಕ್ಕೆ ಆರು ಗಂಟೆ. 'ವಿಚರ್ ೩'ರಲ್ಲಿ ಕಂಡದ್ದನ್ನೆಲ್ಲ ಮುಗಿಸಹೊರಟರೆ ೧೫೦ ಗಂಟೆ ಮೀರುವುದು ಸಾಮಾನ್ಯ. ಅಂದರೆ ಇಪ್ಪತ್ತೈದು ವಾರ, ಅರ್ಧ ವರ್ಷ. ಲೋಕಲ್ ಗಾಡಿಯಲ್ಲಿ ನೇತಾಡಿ ಮನೆಗೆ ಬಂದವನ ಅರ್ಧ ವರ್ಷದ ರಾತ್ರಿಗಳು ಪೀಪಾಯಿಗೆ ಹೋಗಬೇಕೇ, ಬಾವಿಯ ಭೂತಕ್ಕೆ ಹೋಗಬೇಕೇ ಎಂಬುದು ಚಿಕ್ಕ ಪ್ರಶ್ನೆಯಲ್ಲ.

ಇನ್ನೊಂದು ಮಾತು, ಇದು ಪರ ಊರಿನಲ್ಲಿ ನೆಲೆಸಿದ ನಮಗೆ ಸಂಬಂಧಿಸಿದ್ದು. ಕಾಲೇಜಿಗೆ ಹೋಗುವ ನಮ್ಮ ಹಿರಿಯ ಮಗ ಹೊರಗೆ ಹಿಂದಿ, ಮರಾಠಿ, ತರಗತಿಯಲ್ಲಿ ಇಂಗ್ಲಿಷು. ಮನೆಯ ಕನ್ನಡ "ಊಟ ಆಯ್ತಾ", "ಫೀ ಕಟ್ಟಬೇಕು" ಎಂಬಲ್ಲಿಗೆ ಬಂದು ನಿಂತಿತ್ತು. ಕಾವಲಿಯ ಪ್ರಸಂಗ ಆಡಿದ ರಾತ್ರಿ ಅವನು "ಅಪ್ಪ, ಒಳಗೆ ಹೆಣ ಬಿದ್ದಿದೆ, ಅಜ್ಜಿಗೆ ಕಾವಲಿದೇ ಚಿಂತೆ ನೋಡಿ" ಎಂದ. ಅಡಿಗೆಮನೆಯಿಂದ "ಕೊಟ್ಟ ಪಾತ್ರೆ ವಾಪಸು ಬರದಿದ್ರೆ ಏನಾಗತ್ತೆ ಅಂತ ಕೊಟ್ಟೋರಿಗೇ ಗೊತ್ತು" ಎಂಬ ಉತ್ತರ ಬಂತು. ಅಲ್ಲಿಂದ ಮಾತು ಯುದ್ಧಕ್ಕೆ, ಬರಗಾಲಕ್ಕೆ, ನಮ್ಮ ತಾಯಿಯ ಕಾಲದ ರೇಷನ್ನಿಗೆ ಹೋಗಿ, ಹನ್ನೊಂದು ಗಂಟೆಯವರೆಗೆ ನಡೆಯಿತು, ಎಲ್ಲವೂ ಕನ್ನಡದಲ್ಲಿ. ಪೀಪಾಯಿ ಹುಡುಕುವ ರಾತ್ರಿಗಳಲ್ಲಿ ನಮ್ಮ ಹಜಾರದಲ್ಲಿ ಮಾತಿರುವುದಿಲ್ಲ. ಪೀಪಾಯಿಯ ಬಗ್ಗೆ ಯಾವ ಭಾಷೆಯಲ್ಲಿ ತಾನೆ ಏನು ಹೇಳುವುದು? (ಆಟದಲ್ಲಿ ರಕ್ತಪಾತ, ಪ್ರಣಯ ಎರಡೂ ಧಾರಾಳವಾಗಿವೆ. ಇದು ಹದಿನೆಂಟು ದಾಟಿದವರ ಆಟ. ಚಿಕ್ಕ ಮಕ್ಕಳಿರುವವರು 'ಜೆಲ್ಡಾ' ನೋಡಬಹುದು.)

ಹಾಗಾದರೆ ಆಡುವುದು ಹೇಗೆ? ನಮ್ಮ ಮನೆಯಲ್ಲಿ ನಡೆಯುವ ಪದ್ಧತಿ ಹೇಳುತ್ತೇವೆ. ನಕ್ಷೆಯ ಪ್ರಶ್ನಾರ್ಥಕ ಚಿಹ್ನೆಗಳನ್ನು ಮೊದಲು ಅಡಗಿಸುವುದು. ಮನುಷ್ಯರ ಬಾಯಿಂದ ಬಂದ ಕೆಲಸವನ್ನೂ ಹಳ್ಳಿಯ ಪ್ರಕಟಣೆ ಹಲಗೆಯಲ್ಲಿ ಬರೆದು ಅಂಟಿಸಿದ್ದನ್ನೂ ಒಪ್ಪಿಕೊಳ್ಳುವುದು; ಬರಿಯ ಗುರುತು ಕೊಟ್ಟ ಕೆಲಸವನ್ನು ಒಪ್ಪಿಕೊಳ್ಳದಿರುವುದು. ಒಂದು ಜಾತಿಯ ಕೆಲಸವನ್ನು ಎರಡು ಸಲ ಮಾಡಿ ನೋಡಿ, ಎರಡನೆಯದರಲ್ಲಿ ಹೊಸತೇನೂ ಇಲ್ಲದಿದ್ದರೆ ಮೂರನೆಯದಕ್ಕೆ ಹೋಗದಿರುವುದು. ಹಂತ ಸಾಲದೆ ಕಾಳಗ ಕಷ್ಟವಾದರೆ ಕಾಠಿಣ್ಯವನ್ನೇ ಇಳಿಸಿಬಿಡುವುದು. ಈ ಆಟದ ಅತಿ ಸುಲಭ ಮಟ್ಟಕ್ಕೆ 'ಕಥೆ ಮಾತ್ರ ಸಾಕು' ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ, ಅದರಲ್ಲಿ ನಾಚಿಕೆ ಪಡುವಂಥದೇನಿಲ್ಲ. ಗೆರಾಲ್ಟನ ಉಡುಪು ಆಯುಧಗಳ ನಕಾಶೆಗಳನ್ನು ಹುಡುಕುವ ಕೆಲಸಕ್ಕೆ ಮಾತ್ರ ನಾವು ವಿನಾಯಿತಿ ಕೊಟ್ಟಿದ್ದೇವೆ. ಅವು ಉಪಯೋಗಕ್ಕೆ ಬರುತ್ತವೆ, ದಾರಿಯಲ್ಲಿ ಹಳೆಯ ಕೋಟೆಗಳನ್ನೂ ನೋಡಿದಂತಾಗುತ್ತದೆ.

ಬೇಸರದ ಪುನರಾವರ್ತನೆಯನ್ನೇ ಕಥೆಯಾಗಿಸಿದ ಒಂದು ಪ್ರಸಂಗವೂ ಇದೆ. ೨೦೧೬ರ ಮೇ ತಿಂಗಳಲ್ಲಿ ಬಂದ 'ಬ್ಲಡ್ ಅಂಡ್ ವೈನ್' ಎಂಬ ಅನುಬಂಧದಲ್ಲಿ ಗೆರಾಲ್ಟ್ ತನಗೆ ಸಲ್ಲಬೇಕಾದ ಹಣಕ್ಕಾಗಿ ಬೋಕ್ಲೇರ್ ನಗರದ ಬ್ಯಾಂಕಿಗೆ ಹೋಗುತ್ತಾನೆ. ದಾಖಲೆಯ ಪ್ರಕಾರ ಅವನು ಸತ್ತಿದ್ದಾನೆ, ಆದ್ದರಿಂದ ಹಣ ಕೊಡಲಾಗದು. ಎದುರಿಗೆ ನಿಂತಿದ್ದೇನಲ್ಲ ಎಂದರೆ ಕೇಳುವವರಿಲ್ಲ. 'ಎ ೩೮' ಎಂಬ ಪರವಾನಗಿ ಬೇಕು, ಅದಕ್ಕೆ ಆ ಕಿಟಕಿ, ಆ ಕಿಟಕಿಯವರು ಈ ಕಿಟಕಿಗೆ ಹೋಗಿ ಎನ್ನುತ್ತಾರೆ. ೧೯೭೬ರ ಆಸ್ಟೆರಿಕ್ಸ್ ಚಲನಚಿತ್ರ ಕಂಡವರಿಗೆ ಈ ಪರವಾನಗಿಯ ಮೂಲ ಎಲ್ಲಿಯದೆಂದು ಕೂಡಲೇ ಹೊಳೆಯುತ್ತದೆ. ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕಾದ ನಮ್ಮ ಪಿಂಚಣಿದಾರರಿಗೆ ಚಿತ್ರವನ್ನು ಕಾಣದೆಯೇ ಹೊಳೆಯುತ್ತದೆ. ಇಲ್ಲಿಯೂ ಹೋಗುವುದು, ಬರುವುದು, ಮತ್ತೆ ಹೋಗುವುದೇ ಕೆಲಸ. ಆದರೆ ಪ್ರತಿ ಸುತ್ತಿಗೂ ನಗು ಹೆಚ್ಚುತ್ತದೆ, ಏಕೆಂದರೆ ಎರಡು ಕತ್ತಿ ಬೆನ್ನಿಗೆ ಕಟ್ಟಿಕೊಂಡ ಈ ರಾಕ್ಷಸಾಂತಕ ಗುಮಾಸ್ತೆಯ ಮುಂದೆ ಅಸಹಾಯಕನಾಗಿ ನಿಲ್ಲುತ್ತಾನೆ. ಕಿಟಕಿಯ ಒಳಗೆ ಕುಳಿತು ಅಭ್ಯಾಸವಿರುವ ನಾವು ಕಿಟಕಿಯ ಹೊರಗೆ ನಿಂತು ಅದನ್ನು ಆಡಿದೆವು. ನಮ್ಮ ಮಗ ಪಕ್ಕದಲ್ಲಿ ಕುಳಿತು, ಕಿಟಕಿಯೊಳಗಿನ ಹೆಂಗಸು ಊಟದ ವಿರಾಮಕ್ಕೆಂದು ಎದ್ದು ಹೋದಾಗ, "ಅಪ್ಪ, ಇವರು ನಿಮ್ಮ ಸೆಕ್ಷನ್ನಿನವರಾ?" ಎಂದು ಕೇಳಿದ.